ಉಡಿಯಿಂದ ತೆಗೆದ ಅಕ್ಕಿ

ಬೆರಳುದ್ದದ ಒಂದು ಪ್ಲಾಸ್ಟಿಕ್ ನಳಿಗೆ, ಮೇಲೆ ನೀಲಿ ಮುಚ್ಚಳ. ಹೋದ ದೀಪಾವಳಿಗೆ ಅಥಣಿಗೆ ಹೋದಾಗ ಅದು ನಮ್ಮ ಭಾವನವರ ಮನೆಯ ದೇವರ ಜಗುಲಿಯ ಮೇಲೆ, ಚಿಂಚಲಿ ಮಾಯಕ್ಕ ದೇವಿಯ ಅರಿಷಿಣ ಭಂಡಾರದ ಬಟ್ಟಲಿನ ಪಕ್ಕದಲ್ಲಿ ನಿಂತಿತ್ತು. ದೀಪ ಹಚ್ಚಲು ಹೋದವಳು ಯಾರೋ ಕಾಶಿಯಿಂದ ತಂದ ಗಂಗಾಜಲವೆಂದುಕೊಂಡು ಕೈಗೆತ್ತಿಕೊಂಡೆ. ಒಳಗೆ ನೊರೆ ಇತ್ತು.

ಭಾವನವರ ಮೊಮ್ಮಗಳು ಓಡಿ ಬಂದಳು. ಅವರ ಮಗನ ಮಗಳು, ಧಾರವಾಡದಲ್ಲಿ ಜೀವಶಾಸ್ತ್ರ ಓದುತ್ತಾಳೆ. "ಆಯೀ, ಅದನ್ನ ಇಡ ಅಲ್ಲೇ. ಅಜ್ಜನ ಉಗುಳೈತಿ ಅದರಾಗ. ಪರೀಕ್ಷಾಕ್ಕ ಕಳಸೂದೈತಿ."

"ದೇವರ ಮುಂದ ಎಂಜಲಾ?" ಎಂದೆ.

ಮಂಚದ ಮೇಲಿಂದ ಭಾವನವರು ಹೇಳಿದರು, "ಇರ್ಲಿ ಬಿಡವಾ. ಬರೇ ಉಗುಳಲ್ಲ ಅದು. ನಮ್ಮ ಅವ್ವನ ಕುಲ ಐತಿ ಅದರಾಗ."

ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ. ಆದರೂ ತಂಬಾಕಿನ ವಾಸನೆ ಮೂಗು ಬಿಡಲಿಲ್ಲ. ಉಗುಳುವ ಮೊದಲು ಬಾಯಲ್ಲಿ ಏನೂ ಹಾಕಿಕೊಳ್ಳಬೇಡಿ ಎಂದು ಆ ಹುಡುಗಿ ಹೇಳಿದ್ದಳಂತೆ. ಹೇಳಿದ್ದು ಕೇಳುವವರು ಯಾರು? ಆ ವಾಸನೆಯ ಜೊತೆಗೇ ನನಗೆ ಬಾಜೂಮನೆಯ ಕಾಕು ನೆನಪಾದಳು. ಏಕೆಂದರೆ ಈ ಮನೆಯವರ ಉಗುಳನ್ನು ನಾನು ಮೊದಲು ಕಂಡದ್ದು ಅವಳ ಹೊಸ್ತಿಲ ಮೇಲೆ...

ನಾನು ರಾಯಬಾಗಕ್ಕೆ ಸೊಸೆಯಾಗಿ ಬಂದಾಗ ನಮ್ಮ ಬಲಗಡೆಯ ಮನೆ ಅವಳದು. ಎರಡೂ ಮನೆಗೆ ಒಂದೇ ಗೋಡೆ. ಸಣ್ಣ ಮೈ, ದೊಡ್ಡ ದನಿ. ಗಂಡ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಮೂರು ಹೆಣ್ಣುಮಕ್ಕಳು. ನಾನು ತವರಿನ ನೆನಪಾಗಿ ಮುಖ ಸಣ್ಣದು ಮಾಡಿದ ದಿನ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು, "ಏ ಹೊಸ ಸೊಸೀ, ಅಳೂದಿದ್ರ ಇಲ್ಲಿ ಬಂದ ಅಳ. ಉಳ್ಳಾಗಡ್ಡಿ ಹೆಚ್ಚೂದೈತಿ." ಹೋದರೆ ಇಬ್ಬರೂ ಕೂಡಿ ಅಳುತ್ತ ನಗುತ್ತಿದ್ದೆವು.

ಕಾಕುಗೆ ತವರು ಇರಲಿಲ್ಲ. ಇಲ್ಲ ಎಂದರೆ ಸತ್ತುಹೋದ ತವರಲ್ಲ, ಎಲ್ಲಿದೆಯೆಂದೇ ಗೊತ್ತಿಲ್ಲದ್ದು. ಕುಡಚಿ ಸ್ಟೇಶನ್ನಿನಲ್ಲಿ ಎರಡು ವರ್ಷದ ಕೂಸಾಗಿ ಸಿಕ್ಕವಳಂತೆ. ಅಲ್ಲೇ ಬಾಳೆಹಣ್ಣು ಮಾರುತ್ತಿದ್ದ ಮುದುಕಿಯೊಬ್ಬಳು ಎತ್ತಿಕೊಂಡು ಸಾಕಿದಳು. ಹಡೆದವ್ವನ ಮುಖ ನೆನಪಿಲ್ಲ, ಕೈಯಲ್ಲಿ ಬೆಲ್ಲದ ವಾಸನೆ ಇತ್ತು ಎನ್ನುತ್ತಿದ್ದಳು. ಅದೂ ನಿಜವೋ, ತಾನೇ ಕಟ್ಟಿಕೊಂಡದ್ದೋ... ನಮ್ಮ ಓಣಿಯಲ್ಲಿ ಇದೆಲ್ಲ ಎಲ್ಲರಿಗೂ ಗೊತ್ತಿತ್ತು, ಯಾರೂ ದೊಡ್ಡದು ಮಾಡಿರಲಿಲ್ಲ.

ಅವಳದೊಂದು ಪದ್ಧತಿ ಇತ್ತು. ನಮ್ಮ ಕಡೆ ಹೆಣ್ಣುಮಗಳು ಮನೆಗೆ ಬಂದರೆ ಉಡಿ ತುಂಬದೆ ಕಳಿಸುವುದಿಲ್ಲ: ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ. ಯಾರು ಉಡಿ ತುಂಬಿದರೂ ಕಾಕು ತನ್ನ ಮನೆಗೆ ಬಂದವಳೇ ಅದರಲ್ಲಿ ಒಂದು ಹಿಡಿ ಅಕ್ಕಿ ತೆಗೆದು ಹೊಸ್ತಿಲ ಮೂಲೆಗೆ ಇಡುತ್ತಿದ್ದಳು. "ನಮ್ಮವ್ವಗ," ಎನ್ನುತ್ತಿದ್ದಳು. "ಎಲ್ಲಿದ್ದರೂ ಉಣ್ಣಲಿ." ಗುಬ್ಬಿಗಳು ಬಂದು ತಿಂದು ಹೋಗುತ್ತಿದ್ದವು. ತನ್ನ ಅವ್ವ ಉಂಡಳೆಂದೇ ಅವಳ ಲೆಕ್ಕ.

ಅವಳ ಹಿರಿಯ ಮಗಳಿಗೆ ನಮ್ಮ ಈ ಭಾವನವರ ಸಂಬಂಧ ಬಂತು. ಭಾವನವರೆಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ನಮ್ಮ ಮನೆಗೆ ಬಂದುಹೋಗುವಾಗ ಆ ಹುಡುಗಿಯನ್ನು ನೋಡಿ ತಾವಾಗಿಯೇ ಮೆಚ್ಚಿದ್ದರು. ನಡುವೆ ನಿಂತ ಹಿರಿಯರೊಬ್ಬರು ಹುಡುಗಿಯ ತಾಯಿಯ ತವರು ಕಾಗವಾಡವೆಂದು ಅಥಣಿಯಲ್ಲಿ ಹೇಳಿಬಿಟ್ಟಿದ್ದರು. ಕಾಕುಗೂ ಕಿವಿಯಲ್ಲಿ ಊದಿದ್ದರು, "ಕೇಳಿದ್ರ ಕಾಗವಾಡ ಅನ್ನು. ದ್ರಾಕ್ಷಿ ತ್ವಾಟದವರು ಅನ್ನು. ಲಗ್ನ ಆದ ಮ್ಯಾಲ ಯಾವನು ಹುಡಿಕ್ಯಾಡಾಕ ಹೊಕ್ಕಾನ?"

ನಿಶ್ಚಯದ ದಿನ ಅಥಣಿಯಿಂದ ದೊಡ್ಡತ್ತೆ, ಅಂದರೆ ಭಾವನವರ ತಾಯಿ, ಐದು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದಳು. ಐದು ಗಂಡು ಹೆತ್ತವಳೆಂಬ ಜಂಬ ಅವಳ ನಡಿಗೆಯಲ್ಲೇ ಕಾಣುತ್ತಿತ್ತು. ಕಾಕುವಿನ ಮಕ್ಕಳನ್ನು ನೋಡಿ ಬಂದ ಕೂಡಲೇ, "ಮೂರೂ ಹೆಣ್ಣ? ಅಯ್ಯ, ಮನಿ ತುಂಬ ಬರೇ ಬಳಿ ಸಪ್ಪಳ" ಎಂದಿದ್ದಳು. ಕಾಕು ನಕ್ಕು, "ಸಪ್ಪಳರ ಐತಲ್ರಿ" ಎಂದಳು. ನಾನು ಒಲೆಯ ಮುಂದೆ ಶಿರಾ ತಿರುವುತ್ತಿದ್ದೆ, ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು.

ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ ದೊಡ್ಡತ್ತೆಯೇ ಉಡಿ ತುಂಬಿದಳು. ತುಂಬಿ ಕೈ ಒರೆಸಿಕೊಳ್ಳುತ್ತ ಕಾಕುಗೆ ಕೇಳಿದಳು, "ಕಾಗವಾಡದಾಗ ಯಾರ ಮನಿ ನಿಮ್ಮದು?"

ಕಾಕು ಮಗಳ ಮಡಿಲಲ್ಲಿದ್ದ ಅಕ್ಕಿಯನ್ನು ನೋಡಿದಳು. ನಡುವಿನ ಹಿರಿಯರು ಕೆಮ್ಮಿದರು. ಅವಳು ಮೆಲ್ಲಗೆ ಹೇಳಿದಳು, "ಕಾಗವಾಡ ಅಲ್ರಿ. ನಮ್ಮವ್ವ ಯಾರಂತ ನನಗ ಗೊತ್ತಿಲ್ಲ. ಕುಡಚಿ ಸ್ಟೇಶನ್ದಾಗ ಸಿಕ್ಕಾಕಿ ನಾ. ಉಡಿ ತುಂಬಿದ ಅಕ್ಕಿ ಮುಂದ ಸುಳ್ಳ ಹೇಳಾಂಗಿಲ್ರಿ."

ಮುಂದಿನದನ್ನು ಬರೆಯಲು ಈಗಲೂ ಹೇಸಿಗೆಯಾಗುತ್ತದೆ. ಕೊಟ್ಟ ಉಡಿಯನ್ನು ವೈರಿಯೂ ತಿರುಗಿ ಪಡೆಯುವುದಿಲ್ಲ. ದೊಡ್ಡತ್ತೆ ಬಗ್ಗಿ ಹುಡುಗಿಯ ಸೆರಗಿನ ತುದಿ ಹಿಡಿದು ಅಕ್ಕಿಯನ್ನು ತನ್ನ ತಾಟಿಗೆ ಸುರುವಿಕೊಂಡಳು. ಕೊಬ್ಬರಿ ಬಟ್ಟಲನ್ನು ಎಣಿಸಿ ತೆಗೆದುಕೊಂಡಳು. ಖಣವನ್ನು ಮಡಚಿ ಚೀಲಕ್ಕೆ ಹಾಕಿದಳು. "ಬೇರ ಗೊತ್ತಿಲ್ಲದ ಗಿಡದ ಕಾಯಿ ನಮ್ಮ ಮನ್ಯಾಗ ಬ್ಯಾಡ," ಎಂದಳು. ಹೊರಗೆ ಹೋಗುವಾಗ ಹೊಸ್ತಿಲ ಮೇಲೆ, ಆ ಹಿಡಿ ಅಕ್ಕಿ ಇಡುವ ಮೂಲೆಗೇ, ಉಗುಳಿ ಹೋದಳು. ತಾನಾಗಿಯೇ ಹುಡುಗಿಯನ್ನು ಮೆಚ್ಚಿದ್ದ ಭಾವನವರು ತಂಬಾಕು ಅಗಿಯುತ್ತ ಕೂತವರು ತಲೆ ಎತ್ತಲಿಲ್ಲ. ತಾಯಿಯ ಹಿಂದೆ ಎದ್ದು ಹೋದರು.

ಆ ಹುಡುಗಿ ಖಾಲಿ ಸೆರಗನ್ನು ಹಾಗೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದಳು...

ದೇವರ ದಯೆ ಎಂದರೆ ನಮ್ಮ ಅತ್ತೆ ಅಲ್ಲಿದ್ದರು. ತಮ್ಮ ನೆಗೆಣ್ಣಿ, ಆ ದೊಡ್ಡತ್ತೆ, ನೆಲಕ್ಕೆ ಚೆಲ್ಲಿಹೋದ ಕಾಳುಗಳನ್ನು ಕೂತು ಆರಿಸಿದರು. "ಉಡಿ ಅಕ್ಕಿ ಹೊಟ್ಟಿಗೆ ಹೋಗಬೇಕವಾ," ಎಂದು ಅದಕ್ಕೆ ತಮ್ಮ ಮನೆಯ ಅಕ್ಕಿ ಸೇರಿಸಿ, ಬೆಲ್ಲ ಹಾಕಿ ಬೇಯಿಸಿ, ಆ ಹುಡುಗಿಗೆ ತಾವೇ ತುತ್ತು ಕೊಟ್ಟರು. ಹೊಸ್ತಿಲನ್ನು ನಾನು ತೊಳೆದೆ. ಬೂದಿ ಹಾಕಿ ತಿಕ್ಕಿ ತೊಳೆದೆ. ಮುಂದೆ ಆ ಹುಡುಗಿಗೆ ಹಾರೂಗೇರಿಯ ಟೇಲರ್ ಒಬ್ಬ ಸಿಕ್ಕ. ಬೇರು ಕೇಳಲಿಲ್ಲ, ಕುಬಸದ ಅಳತೆ ಕೇಳಿದ ಎಂದು ಓಣಿಯಲ್ಲಿ ನಗೆಯಾಡುತ್ತಿದ್ದರು. ಒಳ್ಳೆಯವನು. ಮಾಯಕ್ಕ ಒಂದು ಬಾಗಿಲು ಹಾಕಿ ಒಂದು ತೆರೆದಳು.

ಆದರೆ ಕಾಕು ಮತ್ತೆಂದೂ ಹೊಸ್ತಿಲಿಗೆ ಅಕ್ಕಿ ಇಡಲಿಲ್ಲ. ಒಂದು ದಿನ ನಾನೇ ಉಡಿ ತುಂಬಿ, "ಅವ್ವನ ಪಾಲು ಇಡು ಕಾಕು," ಎಂದೆ. "ಯಾವ ಅವ್ವ? ನನಗೆಲ್ಲಿ ಅವ್ವ?" ಎಂದು ಒಳಗೆ ಹೋದಳು. ಅವರು ಮುರಿದದ್ದು ಒಂದು ಸಂಬಂಧವನ್ನಲ್ಲ. ಅಷ್ಟು ವರ್ಷ ಹಿಡಿ ಹಿಡಿ ಉಣಿಸಿ ಅವಳು ಬದುಕಿಸಿಕೊಂಡಿದ್ದ ತಾಯಿಯನ್ನು ಕೊಂದು ಹೋಗಿದ್ದರು. ಕಾಕು ತೀರಿಹೋಗಿ ಈಗ ಬಹಳ ವರ್ಷವಾಯಿತು.

ಈ ಯುಗಾದಿಗೆ ಮತ್ತೆ ಅಥಣಿಗೆ ಹೋದೆ. ಪರೀಕ್ಷೆಯ ಫಲ ಬಂದಿತ್ತು. ಭಾವನವರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿ, ದೊಡ್ಡತ್ತೆಯ ಫೋಟೋದ ಕೆಳಗೆ ತೂಗುಹಾಕಿದ್ದರು. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರು, "ಸಾವಿರಾರು ವರ್ಷದ ತಾಯಿಬೇರು ನಮ್ಮದು. ಚಿಕ್ಕೋಡಿ ಬೀಗರು ಹುಡುಗಿ ನೋಡಾಕ ಬಂದಾಗ ಇದನ್ನ ಮದಲ ತೋರಸ್ತೇನಿ." ಮೊಮ್ಮಗಳಿಗೆ ಆಗ ಗಂಡು ಹುಡುಕುತ್ತಿದ್ದರು.

ಆ ಹುಡುಗಿಗೆ ತಾಳ್ಮೆ ಬಹಳ. ನನ್ನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದಳು. ಪ್ರತಿಯೊಬ್ಬರ ಮೈಯಲ್ಲೂ ತಾಯಿಯಿಂದ ಮಾತ್ರ ಬರುವ ಒಂದು ಎಳೆ ಇರುತ್ತದಂತೆ. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ. ಹಾಗೆ ಹಿಂದೆ ಹಿಂದೆ ಹೋದರೆ ಆಫ್ರಿಕಾದಿಂದ ಹೊರಟ ಹೆಂಗಸರು ಸಿಗುತ್ತಾರಂತೆ. ಅವರ ಮಕ್ಕಳ ಮಕ್ಕಳು ಬಹುಶಃ ಸಮುದ್ರದ ದಂಡೆ ಹಿಡಿದು ನಮ್ಮ ಕಡೆ ಬಂದರು, ಮುಂದೆ ಮೂಡಣ ದೇಶಗಳಿಗೆ, ದ್ವೀಪಗಳಿಗೆ ಹರಡಿದರು. ಅಜ್ಜನ ಕಾಗದದಲ್ಲಿರುವುದು ಆ ಮರದ ಒಂದು ದೊಡ್ಡ ಟೊಂಗೆ, ನಮ್ಮ ದೇಶದಲ್ಲಿ ಎಲ್ಲ ಜಾತಿಯವರಲ್ಲೂ ತುಂಬಿಕೊಂಡಿರುವಂಥದ್ದು.

ನನಗೆ ತಿಳಿದದ್ದು ಇಷ್ಟು: ಇದು ಮೊಸರಿನ ಹೆಪ್ಪಿನ ಹಾಗೆ. ಹಾಲು ಯಾರ ಮನೆಯದಾದರೂ ಹೆಪ್ಪು ತವರಿನದು.

"ಹಂಗಾದ್ರ," ಎಂದು ಕೇಳಿದೆ, ಭಾವನವರಿಗೆ ಕೇಳಲೆಂದೇ ದನಿ ಎತ್ತಿ, "ತಾಯಿ ಯಾರಂತ ಗೊತ್ತಿಲ್ಲದಾಕಿ ಒಬ್ಬಾಕಿ ಇದ್ರ, ಆಕಿ ಉಗುಳಿನಾಗ ಏನ್ ಬರತೈತಿ?"

"ಆಕಿಗೂ ಬರತೈತಿ ಆಯೀ. ಹೆಸರ ಬರೂದಿಲ್ಲ, ಎಳಿ ಬರತೈತಿ. ತಾಯಿ ಇಲ್ಲದವರು ಯಾರದಾರ? ನಮ್ಮ ಕಡೆಯಾಕಿ ಇದ್ರ ಅಜ್ಜನ ಟೊಂಗಿನೇ ಆಗಿರಬಹುದು."

ಭಾವನವರ ಅಗಿಯುವ ದವಡೆ ನಿಂತಿತು. "ಅದು ಬ್ಯಾರೆ, ಇದು ಬ್ಯಾರೆ," ಎಂದರು.

"ಏನೂ ಬ್ಯಾರೆ ಇಲ್ಲಜ್ಜಾ. ಮತ್ತ ಇದನ್ನ ಬೀಗರಿಗೆ ತೋರಸಬ್ಯಾಡ, ನಗ್ತಾರ. ನಿಮ್ಮವ್ವನ ಎಳಿ ನನಗ ಬಂದಿಲ್ಲ. ನನಗ ನಮ್ಮವ್ವಂದು. ಗಂಡಸರಿಂದ ಅದು ಮುಂದ ಹೋಗೂದಿಲ್ಲ. ಮುತ್ತಜ್ಜಿಗೆ ಐದೂ ಗಂಡಮಕ್ಕಳು. ಆಕಿ ಎಳಿ ನೀವೈದು ಮಂದಿ ಅಣ್ಣತಮ್ಮರಲ್ಲೇ ಮುಗೀತು."

ನನಗೆ ಖುಷಿಯಾಯಿತೆಂದು ಯಾರೂ ತಿಳಿಯಬಾರದು. ಖುಷಿಯಾಗಲಿಲ್ಲ. ಆ ಹಳೆಯ ದಿನದ ಹುಡುಗಿಯ ಹೆಸರು ಭಾವನವರ ಬಾಯಿಗೆ ಬರಬಹುದೇನೋ ಎಂದು ಕಾದೆ. ಅವರು ಡಬ್ಬಿ ತೆಗೆದು ತಂಬಾಕು ತಿಕ್ಕಿಕೊಂಡರು. ಸಂಜೆ ಯಾರೋ ಬಂದಾಗ ಮತ್ತೆ ಅದೇ ಗೋಡೆ, ಅದೇ ಬೆರಳು, "ಸಾವಿರಾರು ವರ್ಷದ್ದು."

ಮರುದಿನ ಊರಿಗೆ ಹೊರಟವಳು ಹಾರೂಗೇರಿಯಲ್ಲಿ ಬಸ್ಸಿಳಿದೆ. ಕಾಕುವಿನ ಆ ಮಗಳು ಈಗ ಅಜ್ಜಿ. ಅವಳ ಮಗಳು ಹಡೆದಿದ್ದಾಳೆ, ಹೆಣ್ಣು ಕೂಸು. "ಮತ್ತ ಹೆಣ್ಣ ನೋಡ ವೈನಿ," ಎಂದು ನಗುತ್ತ ನನ್ನ ಕೈಗಿಟ್ಟಳು. ಕಾಕುವಿನದೇ ಅಗಲ ಹಣೆ, ಕಾಕುವಿನದೇ ಗಂಟಲು. ಕುಡಚಿ ಸ್ಟೇಶನ್ನಿನಲ್ಲಿ ಕೈಬಿಟ್ಟುಹೋದ ಆ ತಾಯಿ, ಬೆಲ್ಲದ ಕೈಯವಳು, ಮುರಿಯದೆ ಇಲ್ಲಿಗೆ ಬಂದು ನನ್ನ ತೊಡೆಯ ಮೇಲೆ ಕಿರುಚುತ್ತಿದ್ದಳು.

ಬಾಣಂತಿಗೆ ಉಡಿ ತುಂಬಿದೆ. ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ಹೊಸ್ತಿಲ ಮೂಲೆಗೆ ಇಟ್ಟೆ. ಕಾಕುವಿನ ಮಗಳು ನೋಡಿದಳು, ತಾನೂ ಒಂದು ಹಿಡಿ ತಂದು ಅದರ ಮೇಲೆ ಹಾಕಿದಳು. ನಿನಗೂ ಅವ್ವ ಇದ್ದಳು ಎಂದು ಕಾಕು ಇದ್ದಾಗ ಅವಳಿಗೆ ಹೇಳಲು ಯಾರಿಗೂ ಆಗಲಿಲ್ಲ... ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು. ಮೊದಲಿನಷ್ಟು ಗುಬ್ಬಿಗಳು ಈಗ ಎಲ್ಲಿವೆ? ಒಂದು ಇರುವೆ ಸಾಲು ಬಂದು ಅಕ್ಕಿಯನ್ನು ಒಂದೊಂದಾಗಿ ಹೊತ್ತುಕೊಂಡು ಹೋಗತೊಡಗಿತು.