ಸದ್ದು ಮಾಡಲು ಕಲಿತ ಮನೆ

ನಮ್ಮ ಮನೆಯ ಕುಕ್ಕರಿಗೆ ಮನಸಾರೆ ಕೂಗುವ ಸ್ವಾತಂತ್ರ್ಯ ಸಿಕ್ಕಿದ್ದು ತೀರಾ ಇತ್ತೀಚೆಗೆ. ನಗಬೇಡಿ, ನಿಮ್ಮ ಮನೆಯದು ತಂದ ದಿನದಿಂದಲೇ ಕೂಗಿಕೊಂಡು ಬಂದಿರಬಹುದು. ನನ್ನ ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರು. ನೈಟ್ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಹೊಸಪೇಟೆ ತಲುಪಿ, ಲೋಕವೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಹಾಸಿಗೆಗೆ ಬೀಳುವವರು. ಹಾಗಾಗಿ ಕುಕ್ಕರಿನ ಗುಂಡು ಅಲುಗತೊಡಗಿದರೆ ಸಾಕು, ಹಿತ್ತಿಲಲ್ಲಿದ್ದರೂ ಓಡಿ ಬಂದು ಗ್ಯಾಸು ಆರಿಸುತ್ತಿದ್ದೆ. ಅರೆಬೆಂದ ಬೇಳೆಯ ಸಾರಿಗೆ ನಮ್ಮ ನಾಲಿಗೆ ಒಗ್ಗಿಹೋಗಿತ್ತು.

ನಾನು ಎಮ್ಮಿಗನೂರಿನವಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದ ಗಂಟಲನ್ನು ಪಿಸುಮಾತಿಗೆ ಪಳಗಿಸಲು ಸಾಕುಸಾಕಾಯಿತು. ಮಗಳು ಪಲ್ಲವಿಯಂತೂ ಮಾತು ಕಲಿಯುವ ಮೊದಲೇ ತುಟಿಯ ಮೇಲೆ ಬೆರಳಿಡುವುದನ್ನು ಕಲಿತಳು. ಕರೆಗಂಟೆಯ ವೈರು ಕಿತ್ತಿಟ್ಟೆವು. ಸೊಪ್ಪು-ಪಲ್ಲೆ ಮಾರುವ ಅಜ್ಜಿಗೆ ನಮ್ಮ ಬಾಗಿಲಲ್ಲಿ ಕೂಗಬೇಡವೆಂದು ಹೇಳಿಟ್ಟೆವು. ಒಲವಿಗೆ ಎಷ್ಟೊಂದು ವೇಷಗಳು ನೋಡಿ, ನಮ್ಮ ಮನೆಯಲ್ಲಿ ಅದು ಬರಿಗಾಲಲ್ಲಿ, ಉಸಿರು ಬಿಗಿಹಿಡಿದು ಓಡಾಡಿಕೊಂಡಿತ್ತು.

ಹೋದ ಬೇಸಿಗೆಯಲ್ಲಿ ಅವರ ಹೃದಯ ಕೈಕೊಟ್ಟಿತು. ಎದೆ ತೆರೆದು ಆಪರೇಷನ್ ಮಾಡಿದರು. ಗಾಜಿನ ಆಚೆ ಮಲಗಿದ್ದ ಅವರನ್ನು ನೋಡುತ್ತ ನಿಂತ ಆ ದಿನಗಳ ಬಗ್ಗೆ ಬರೆಯುವುದು ಬೇಡ ಬಿಡಿ. ಕೆಮ್ಮುವಾಗಲೂ ನಗುವಾಗಲೂ ಹೊಲಿಗೆ ಎಳೆಯದಂತೆ ದಿಂಬೊಂದನ್ನು ಎದೆಗೆ ಒತ್ತಿ ಹಿಡಿಯಬೇಕೆಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಆ ದಿಂಬನ್ನು ಅಪ್ಪಿಕೊಂಡು, ಮೈ ಸೊರಗಿ ಅರ್ಧವಾಗಿ ಆಟೋದಿಂದ ಇಳಿದ ನನ್ನ ಗಂಡ ಹಠಮಾರಿ ಕೂಸಿನಂತೆ ಕಂಡರು. ನನಗೆ ನಗುವೂ ಬಂತು, ಅಳುವೂ ಬಂತು.

ಅವರನ್ನು ಉಳಿಸಿಕೊಳ್ಳಬೇಕಲ್ಲ! ತಾಯಿ-ಮಗಳು ಸೇರಿ ನಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಇಮ್ಮಡಿ ಮಾಡಿದೆವು. ತುದಿಗಾಲಲ್ಲಿ ನಡೆದೆವು, ಮಿಕ್ಸಿ ಮುಟ್ಟಲಿಲ್ಲ, ಪಾತ್ರೆ ಇಡುವ ಜಾಗದಲ್ಲೆಲ್ಲ ಬಟ್ಟೆ ಹಾಸಿದೆವು. ಅವರು ಮಲಗಿದಾಗಲೆಲ್ಲ ನಾನು ಕಳ್ಳಹೆಜ್ಜೆಯಲ್ಲಿ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು, ಬಿಸಿಯುಸಿರು ತಾಗಿದ ಮೇಲೆಯೇ ಅಡುಗೆಮನೆಗೆ ಮರಳುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಬೆರಳಿಟ್ಟಾಗ ಅವರು ಕಣ್ಣು ಬಿಟ್ಟೇಬಿಟ್ಟರು.

“ಅದೀನಿ ಬಿಡು, ಎಲ್ಲೂ ಹೋಗಿಲ್ಲ,” ಅಂದರು. “ಆದ್ರ ನೀವ್ಯಾಕ ಹಿಂಗ ಸುಮ್ಮನಾಗೀರಿ? ಹೆಣ ಎತ್ತಿದ ಮ್ಯಾಲಿನ ಮನಿ ಆದಂಗ ಆಗೇತಿ.”

“ಬಿಡ್ತು ಅನ್ರೀ! ನಿಮಗ ನಿದ್ದಿ ಬ್ಯಾಡೇನು?”

“ಇಷ್ಟು ವರ್ಷ ಅದನ್ನ ಮಾಡೀನಲ್ಲ. ನೀವಿಬ್ರೂ ಹಗಲೆಲ್ಲಾ ಹೆಂಗ ಇರ್ತೀರಿ ಅನ್ನೋದ ನನಗ ಗೊತ್ತಿಲ್ಲ. ಕುಕ್ಕರ್ ಕೂಗ್ಲಿ, ಪಲ್ಲವಿ ಹಾಡ್ಲಿ, ನೀ ಯಾರನ್ನಾರ ಬೈ. ನಾ ಕೇಳ್ಕೋತ ಬಿದ್ದಿರ್ತೀನಿ.”

ಆ ಮಾತು ನನಗೆ ಚುರುಕ್ಕೆಂದಿತು. ಅವರ ನಿದ್ದೆಯನ್ನು ಕಾಯುವ ಭರದಲ್ಲಿ ನಾವು ನಮ್ಮನ್ನೇ ಅವರಿಂದ ಬಚ್ಚಿಟ್ಟಿದ್ದೆವಲ್ಲ! ಕಾರ್ಖಾನೆಯ ಕುಲುಮೆಯ ಒಂದೊಂದು ಗುಡುಗನ್ನೂ ಬಲ್ಲ ಮನುಷ್ಯನಿಗೆ ತನ್ನ ಮಗಳು ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಾಳೆಂಬುದು ತಿಳಿದಿರಲಿಲ್ಲ. ಅಂದೇ ಕುಕ್ಕರು ಕೂಗಿತು. ಮೂವರೂ ಬೆಚ್ಚಿಬಿದ್ದೆವು, ಆಮೇಲೆ ನಕ್ಕೆವು. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು.

ಅಲ್ಲಿಂದ ಶುರುವಾದ ದಿನಗಳ ಸುಖವನ್ನು ಏನೆಂದು ಹೇಳಲಿ! ನಾನು ರೊಟ್ಟಿ ಬಡಿಯುತ್ತಿದ್ದರೆ ಮಂಚದ ಮೇಲಿಂದಲೇ, “ಇದು ದಪ್ಪ ಆತು ನೋಡು,” ಎಂದು ಸಪ್ಪಳದಿಂದಲೇ ತೀರ್ಪು ಕೊಡುವರು. ಸಂಜೆ ಮಂಡಕ್ಕಿ ಒಗ್ಗರಣೆ ಕಲಸಿ ಕೊಟ್ಟರೆ, ಪಕ್ಕದಲ್ಲಿ ಎಣ್ಣೆಯಲ್ಲಿ ಕರಿದ ಮಿರ್ಚಿ ಇಲ್ಲವೆಂದು ಮುಖ ಊದಿಸುವರು. ಡಾಕ್ಟರರನ್ನು ಮುಂದಿಟ್ಟುಕೊಂಡು ನಾನು ಜಗಳ ಗೆಲ್ಲುವೆನು. ನೋವಿನ ಮಾತ್ರೆಗಳ ನಡುವೆ, ವಾಕಿಂಗಿನ ನೆಪದಲ್ಲಿ ಕಾಲುವೆಯ ದಂಡೆಯವರೆಗೆ ಅವರ ತೋಳು ಹಿಡಿದು ನಡೆದು ಬರುವಾಗ, ಮದುವೆಯಾದ ಹೊಸತರಲ್ಲಿ ಸಿಗದಿದ್ದ ಹಗಲುಗಳೆಲ್ಲ ಈಗ ಒಟ್ಟಿಗೆ ಸಿಕ್ಕಂತಾಗುತ್ತಿತ್ತು. ಹಾಗೆಂದು ಭಯ ಹೋಗಿರಲಿಲ್ಲ. ಬೆರಳು ಇನ್ನೂ ಆಗಾಗ ಅವರ ಮೂಗಿನ ಬಳಿ ಹೋಗುತ್ತಿತ್ತು.

ಮೊನ್ನೆ ಮಧ್ಯಾಹ್ನ, ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಕಾಣದಿದ್ದ ನಾನು ಚಾಪೆಯ ಮೇಲೆ ಹಾಗೇ ಜೋಂಪು ಹತ್ತಿ ಮಲಗಿಬಿಟ್ಟೆ. ಎಚ್ಚರವಾದಾಗ ಮನೆಯಲ್ಲಿ ಒಂದೂ ಸದ್ದಿಲ್ಲ. ಮಂಚ ಖಾಲಿ. ದಿಂಬೊಂದೇ ಬಿದ್ದಿದೆ. ಎದ್ದವಳೇ ತಲೆಬಾಗಿಲಿಗೆ ಓಡಿದೆ.

ಹೊಸ್ತಿಲ ಬಳಿ ಅವರು ಕೂತಿದ್ದರು. ಒಂದು ಮಗ್ಗುಲಲ್ಲಿ ಪಲ್ಲವಿ, ಎದುರಿಗೆ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡ ಪಲ್ಲೆಯ ಅಜ್ಜಿ. ಮೆಂತೆ ಪಲ್ಲೆಯ ಚೌಕಾಸಿ ಬರೀ ಕೈಸನ್ನೆಯಲ್ಲೇ ನಡೆದಿತ್ತು. ನನ್ನನ್ನು ಕಂಡು ಅವರು ಪಿಸುಗುಟ್ಟಿದರು: “ಯಾಕ ಎದ್ದಿ? ನೀ ಮಕ್ಕೊಂಡಿದ್ದಿ ಅಂತ ಎಲ್ಲಾರನ್ನೂ ಸುಮ್ಮನ ಕುಂದ್ರಿಸೀನಿ.”

“ಹೇಳಿ ಹೋಗಾಕ ಬರಂಗಿಲ್ಲೇನ್ರೀ? ನನ್ನ ಜೀವಾನ ಹೋಗಿತ್ತಲ್ರೀ!” ಎಂದು ನಾನು ಕಿರುಚಿದ್ದಕ್ಕೆ ಎದುರುಮನೆಯ ಕಿಟಕಿ ತೆರೆಯಿತು. ಅವರು ಎರಡೂ ಅಂಗೈಗಳನ್ನು ಎದೆಗೊತ್ತಿ ಹಿಡಿದು ನಕ್ಕರು. “ಬೈ ಬೈ, ಇನ್ನಾ ಜೋರಾಗಿ ಬೈ,” ಅಂದರು.

ನನಗೆ ಬೈಯಲಾಗಲಿಲ್ಲ. ಅವರ ಪಕ್ಕದಲ್ಲಿ ಕುಸಿದು ಕೂತು, ಆಸ್ಪತ್ರೆಯ ಗಾಜಿನ ಮುಂದೆ ಸೆರಗು ಕಚ್ಚಿಕೊಂಡು ನುಂಗಿದ್ದ ಅಳುವನ್ನೆಲ್ಲ, ಓಣಿಗೆ ಓಣಿಯೇ ಕೇಳುವಂತೆ ಅತ್ತೆ. ಸುಮ್ಮನಿರು ಎಂದು ಅವರು ಹೇಳಲಿಲ್ಲ.