ಕಲ್ಬೂಬು ಎಜೆಯ ಒಂದು ಸೋಮ್

ನಮ್ಮೂರಿಗೆಲ್ಲ ಇದ್ದದ್ದು ಒಂದೇ ಫೋನ್. ಅದು ಅಂಚೆ ಕಚೇರಿಯ ಮೇಜಿನ ಮೇಲಿತ್ತು, ಅದನ್ನು ಎತ್ತುತ್ತಿದ್ದವರು ಕಲ್ಬೂಬು ಎಜೆ. ಎಜೆ ಎಂದರೆ ಅಕ್ಕ. ಐವತ್ತು ದಾಟಿದ ಮೇಲೂ ಊರಿಗೆಲ್ಲ ಅವರು ಎಜೆಯಾಗಿಯೇ ಉಳಿದಿದ್ದರು. ಅತ್‌ಬಾಶಿ ಪೇಟೆಯ ಹೆರಿಗೆ ಆಸ್ಪತ್ರೆಯಿಂದಲೋ ಸೈನ್ಯದಿಂದಲೋ ಒಳ್ಳೆಯ ಸುದ್ದಿ ಬಂತೆಂದರೆ, ಫೋನ್ ಇಟ್ಟು, ಕಚೇರಿಗೆ ಬೀಗ ಜಡಿದು, ರಬ್ಬರ್ ಬೂಟಿನಲ್ಲೇ ಓಡಿಹೋಗಿ ಆ ಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ಸುಯುಂಚೂ!"

ಒಳ್ಳೆಯ ಸುದ್ದಿ ತಂದವರು ಹಾಗೆ ಕೂಗಬೇಕು. ಮನೆಯವರು "ಆಗ್ಲಿ" ಎಂದು ಏನಾದರೂ ಕೈಗಿಡಬೇಕು. ಸುದ್ದಿ ಬಾಯಿಂದ ಹೊರಡುವುದು ಆಮೇಲೆಯೇ. ಕುರಿಮರಿ ಕೇಳುವವರೂ ಇದ್ದರು. ಎಜೆ ಕೇಳುತ್ತಿದ್ದುದು ಒಂದು ಸೋಮ್ ನೋಟು ಮಾತ್ರ. ಅದನ್ನೂ ಅಂಗಡಿಗೆ ಕೊಟ್ಟು, ಮಿಠಾಯಿ ತಂದು ಮಕ್ಕಳ ತಲೆಯ ಮೇಲೆ ಎರಚಿಬಿಡುತ್ತಿದ್ದರು.

ಸೋಮ್ ಎಂಬ ಮಾತಿಗೆ ಹಿರಿಯರು ಹೇಳುವ ಹಳೆಯ ಅರ್ಥ ಅಪ್ಪಟ ಎಂದು. ರೂಬಲ್ ನಡೆಯುತ್ತಿದ್ದಾಗಲೂ ನಮ್ಮ ಬಾಯಲ್ಲಿ ಅದು ಸೋಮೇ ಆಗಿತ್ತು. ನೋಟಿನ ಮೇಲೆ ನಮ್ಮ ಭಾಷೆಯಲ್ಲೂ ಹಾಗೆಯೇ ಅಚ್ಚು ಹಾಕಿರುತ್ತಿದ್ದರು. ತೊಂಬತ್ತಮೂರರ ಮೇ ತಿಂಗಳಲ್ಲಿ ನಮ್ಮ ದೇಶದ್ದೇ ನೋಟು ಬಂತು. ಹಳೆಯ ಇನ್ನೂರಕ್ಕೆ ಹೊಸದು ಒಂದು. ಹೆಸರು ಬದಲಾಗಲಿಲ್ಲ, ಎಜೆ ಕೇಳುವುದೂ ಬದಲಾಗಲಿಲ್ಲ.

ಅಂಚೆ ಕಚೇರಿಯ ಪಕ್ಕದ ಮೇವಿನ ಉಗ್ರಾಣಕ್ಕೆ ಇಶೆಂಬೆಕ್ ಕಾವಲುಗಾರ. ಎಜೆಗಿಂತ ಹತ್ತು ವರ್ಷ ದೊಡ್ಡವರು, ಕಿವಿ ಮಂದ, ಗಂಟಲು ಮಾತ್ರ ದೊಡ್ಡದು.

"ಏನೇ ಕಲ್ಬೂಬು, ರೇಟು ಏರಿಸ್ಬಿಟ್ಯಲ್ಲ! ಮೊನ್ನೆವರೆಗೂ ಒಂದು, ಈಗ ಇನ್ನೂರು!"

"ನಾನೆಲ್ಲಿ ಏರಿಸ್ದೆ ಬೈಕೆ? ಅವತ್ತೂ ಒಂದೇ ಸೋಮ್, ಇವತ್ತೂ ಒಂದೇ ಸೋಮ್. ತಕರಾರಿದ್ರೆ ಬಿಷ್ಕೇಕಿಗೆ ಹೋಗಿ ಸರ್ಕಾರಕ್ಕೆ ಹೇಳ್ಕೊಳ್ಳಿ."

ಅಣ್ಣನೆಂಬ ಗೌರವಕ್ಕೆ ಬೈಕೆ ಎನ್ನುತ್ತಿದ್ದರು ಅಷ್ಟೇ. ಜಗಳದಲ್ಲಿ ರಿಯಾಯಿತಿ ಇರಲಿಲ್ಲ.

ಆ ಶರತ್ಕಾಲದಲ್ಲಿ ಎಜೆಯ ಸೊಸೆ ಜಿಪಾರ್ ಆಸ್ಪತ್ರೆ ಸೇರಿದಳು. ಮದುವೆಯಾಗಿ ಆರು ವರ್ಷದ ಮೇಲೆ ಮೊದಲ ಬಸಿರು. ಎಜೆಗೆ ಹೆರಿಗೆಯ ಚಿಂತೆಯ ಜೊತೆಗೆ ಇನ್ನೊಂದು ಚಿಂತೆ. ಇಪ್ಪತ್ತು ವರ್ಷದಿಂದ ಅವರು ಎಲ್ಲರ ಬಾಗಿಲಲ್ಲಿ ಕೂಗಿದ್ದರು, ಅವರ ಬಾಗಿಲಲ್ಲಿ ಮಾತ್ರ ಯಾರೂ ಕೂಗಿರಲಿಲ್ಲ. ಕೂಗುವುದಾದರೂ ಹೇಗೆ? ಮಗ ಪಾಸಾದದ್ದು, ಅವನಿಗೆ ಕೆಲಸ ಸಿಕ್ಕಿದ್ದು, ಎಲ್ಲವೂ ಫೋನಿನಲ್ಲಿ ಮೊದಲು ಅವರ ಕಿವಿಗೇ ಬಿದ್ದಿದ್ದವು. ಈ ಸಲ ಹಾಗಾಗಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡರು. ಮಡಿಕೆಯಿಲ್ಲದ ಹೊಸ ಒಂದು ಸೋಮ್ ನೋಟನ್ನು ಚಹಾ ಡಬ್ಬಿಯ ಕೆಳಗಿಟ್ಟು ಉಗ್ರಾಣಕ್ಕೆ ಹೋದರು.

"ಬೈಕೆ, ಆಸ್ಪತ್ರೆಯಿಂದ ಫೋನ್ ಬಂದ್ರೆ ನೀವೇ ಮಾತಾಡ್ಬೇಕು."

"ನಂಗೆ ಕಿವಿ ಕೇಳ್ಸಲ್ಲ ಅಲ್ವೇನೇ?"

"ಅದಕ್ಕೇ ನೀವೇ ಸರಿ. ನಿಮಗೆ ಕೇಳ್ಸೋದ್ರೊಳಗೆ ನಾನು ಮನೆ ಸೇರ್ಕೊಂಡಿರ್ತೀನಿ."

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಎಕ್ಸ್‌ಚೇಂಜಿನ ಹುಡುಗಿ "ಆಸ್ಪತ್ರೆಯಿಂದ" ಎಂದದ್ದೇ ತಡ, ಎಜೆ ರಿಸೀವರನ್ನು ಕೆಂಡದಂತೆ ಮೇಜಿನ ಮೇಲೆ ಬಿಟ್ಟು ಹೊರಗೆ ಹಾರಿದರು. ಇಶೆಂಬೆಕ್ ಕುದುರೆಗೆ ನೀರು ಕುಡಿಸುತ್ತಿದ್ದವರು ಹಗ್ಗ ಕೈಬಿಟ್ಟು ಒಳಗೆ ಓಡಿದರು.

"ಯಾರು? ಏನು? ಜೋರಾಗಿ ಹೇಳಮ್ಮಾ! ಗಂಡೋ ಹೆಣ್ಣೋ?"

ಆ ಗಂಟಲಿಗೆ ಫೋನ್ ಬೇಕಾಗಿರಲಿಲ್ಲ, ಅತ್‌ಬಾಶಿಗೆ ನೇರವಾಗಿಯೇ ಕೇಳಿಸುತ್ತಿತ್ತು. ಕೇಳಿದ್ದನ್ನೆಲ್ಲ ಒದರುವ ಅವರ ಚಾಳಿ ಎಜೆಗೆ ಆಗ ನೆನಪಾಯಿತು. ತಲೆವಸ್ತ್ರದ ಮೇಲೆ ಎರಡೂ ಕೈ ಒತ್ತಿ ಕಿವಿ ಮುಚ್ಚಿ, ಸಾಲದ್ದಕ್ಕೆ ಗಟ್ಟಿಯಾಗಿ ಮದುವೆ ಹಾಡು ಹೇಳುತ್ತಾ ಓಡಿದರು. ನಾನು ಆಗಷ್ಟೇ ಊರ ಶಾಲೆಗೆ ಮೇಷ್ಟ್ರಾಗಿ ಸೇರಿದ್ದೆ. ನನ್ನ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡರು.

ಮನೆಯಲ್ಲಿ ಎಜೆ ಚಹಾಕ್ಕೆ ನೀರು ಕಾಯಿಸುವ ಸಮೊವಾರ್ ಹಚ್ಚಿ, ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದು, ನೋಟು ಹಿಡಿದು ಕಾದರು. ಮುನ್ನೂರು ಹೆಜ್ಜೆಯ ದಾರಿ. ಒಂದು ಗಂಟೆಯಾದರೂ ಇಶೆಂಬೆಕ್ ಸುಳಿವಿಲ್ಲ.

ಒಳ್ಳೆಯ ಸುದ್ದಿಯನ್ನು ನಡೆದುಕೊಂಡು ಒಯ್ಯುವುದು ಗಂಡಸಿಗೆ ಸಲ್ಲದು ಎಂದು ಅವರು ಕುದುರೆ ಹುಡುಕಲು ಹೋಗಿದ್ದರು. ಹಗ್ಗ ಬಿಟ್ಟ ಕುದುರೆ ಹೊಳೆ ದಾಟಿತ್ತು. ಅದರ ಹಿಂದೆ ಓಡುವಾಗ ಎದುರು ಸಿಕ್ಕವರೆಲ್ಲ ಏನೆಂದು ಕೇಳಿದರು, ಇವರು ಪ್ರತಿಯೊಬ್ಬರಿಗೂ ಹೇಳಿ "ಕಲ್ಬೂಬುಗೆ ಮಾತ್ರ ಹೇಳ್ಬೇಡಿ" ಎಂದರು. ಕುದುರೆ ಕೈಗೆ ಸಿಗುವ ಹೊತ್ತಿಗೆ ಅರ್ಧ ಊರು ಎಜೆಯ ಬೇಲಿಯ ಹತ್ತಿರ ನಿಂತಿತ್ತು.

"ಸುಯುಂಚೂ!" ಎಂದು ಮೂವತ್ತು ಗಂಟಲು ಒಟ್ಟಿಗೆ ಕೂಗಿದವು.

ಎಜೆ ಹೊರಬಂದು ದಂಗಾದರು. "ಅಯ್ಯೋ, ಇಟ್ಕೊಂಡಿರೋದು ಒಂದೇ ಸೋಮ್ ಕಣ್ರೋ!"

ಪಕ್ಕದ ಮನೆಯ ಸಾಕಿಶ್ ಸೊಂಟಕ್ಕೆ ಕೈಯಿಟ್ಟಳು. "ನಮ್ಮ ಮನೇಲಿ ನಾಲ್ಕು ಮಕ್ಕಳಿಗೂ ವಸೂಲಿ ಮಾಡಿದ್ದೀರಿ ಎಜೆ. ಇವತ್ತು ನಮ್ಮ ಸರದಿ!"

"ಫೋನಲ್ಲಿ ಮಾತಾಡಿದ್ದು ನಾನು!" ಹಿಂದಿನಿಂದ ಇಶೆಂಬೆಕ್ ಕುದುರೆಯ ಮೇಲಿಂದ ಅರಚಿದರು.

"ಕುದುರೆ ಬಿಟ್ಟಿದ್ದೂ ನೀವೇ," ಎಂದಳು ಸಾಕಿಶ್.

ಎಜೆ ನೋಟನ್ನು ನೋಡಿದರು, ಜನರನ್ನು ನೋಡಿದರು. "ಸಾಲಾಗಿ ನಿಲ್ಲಿ. ಒಬ್ಬೊಬ್ರೇ ಕೂಗಿ, ಎಲ್ಲರಿಗೂ ಕೊಡ್ತೀನಿ. ಆದ್ರೆ ತಗೊಂಡೋರು ಮಗೂನ ಮುಖ ನೋಡೋ ಕಾಣಿಕೆ ಇಲ್ಲೇ ಕೊಟ್ಟು ಹೋಗ್ಬೇಕು."

"ಮಗು ಇನ್ನೂ ಊರಿಗೇ ಬಂದಿಲ್ಲ!"

"ನಲವತ್ತು ದಿನ ಆದ್ಮೇಲೆ ಬಂದು ನೋಡಿ. ಕಾಣಿಕೆ ಈಗ್ಲೇ ಇಡಿ."

ಮೊದಲು ಇಶೆಂಬೆಕ್ ಇಳಿದು ಬಂದರು. "ಸುಯುಂಚೂ!"

"ಆಗ್ಲಿ!" ನೋಟು ಅವರ ಕೈ ಸೇರಿತು.

"ಹೆಣ್ಣು ಕಣೇ! ಮೂರು ಕಿಲೋ. ಜಿಪಾರ್ ಚೆನ್ನಾಗಿದ್ದಾಳೆ."

ಎಜೆ ಬೂಟು ಕಾಲಲ್ಲೇ ಕುಣಿದರು. ಇಶೆಂಬೆಕ್ ಅದೇ ನೋಟನ್ನು ಮಗುವಿನ ಕಾಣಿಕೆಯೆಂದು ಮರಳಿ ಅವರ ಅಂಗೈಯಲ್ಲಿಟ್ಟರು. ಆಮೇಲೆ ಸಾಕಿಶ್, ಅವಳ ಅತ್ತೆ, ಗಿರಣಿಯವನು. ಪ್ರತಿ ಸಲವೂ ಎಜೆ ಏನೂ ಗೊತ್ತಿಲ್ಲದವರಂತೆ "ಏನು ಸುದ್ದಿ?" ಎಂದು ಕೇಳಿದರು, "ಹೌದಾ!" ಎಂದು ಹೊಸದಾಗಿ ಬೆರಗಾದರು. ಮಗು ಬರುಬರುತ್ತಾ ಬೆಳೆಯಿತು. ನನ್ನ ಸರದಿ ಬರುವಷ್ಟರಲ್ಲಿ ಐದು ಕಿಲೋ ತೂಗುತ್ತಿತ್ತು, ಎರಡು ಹಲ್ಲೂ ಬಂದಿದ್ದವು.

ಸಂಜೆ ಎಜೆ ಆ ನೋಟನ್ನೇ ಹಿಡಿದು ಮಿಠಾಯಿಗೆ ಹೋದರು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದ. ಬಟ್ಟೆಯಂತೆ ಮೆತ್ತಗಾಗಿ, ನಡುವೆ ಹರಿದಿತ್ತು.

"ಇದೇನು ಎಜೆ, ಹೊಸ ನೋಟು ಬಂದು ಆರು ತಿಂಗಳಾಗಿಲ್ಲ. ಇಷ್ಟು ಬೇಗ ಹಿಂಗಾಯ್ತಾ?"

"ದುಡಿದಿದೆ ಕಣಪ್ಪ," ಎಂದರು ಎಜೆ. "ಮಿಠಾಯಿ ಕಟ್ಟು. ಹಾಂ, ಹಾಗೇ, ಒಂದು ಸುಯುಂಚೂ ಕೂಗು ನೋಡೋಣ. ನೀನೊಬ್ಬ ಬಾಕಿ."