ಅಬು ಜವಾದರ ಅಗ್ಗದ ಪಿಸ್ತೂಲು

ನಾನು ಆಯುಷ್ಯದಲ್ಲಿ ಪಿಸ್ತೂಲು ಮುಟ್ಟಿದ್ದು ಒಂದೇ ಸಲ. ಅದೂ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಎರಡು ಬೆರಳ ತುದಿಯಲ್ಲಿ, ಮುಖವನ್ನು ಆಚೆಗೆ ತಿರುಗಿಸಿಕೊಂಡು. ಹಾಗಾಗಿ ಪಿಸ್ತೂಲಿನ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ ಎಂದು ನೀವು ಹೇಳಬಹುದು. ಆದರೆ ಅಗ್ಗದ ಪಿಸ್ತೂಲು ಇಟ್ಟುಕೊಂಡವರ ನಡುವೆ ಬದುಕಿದವನು ನಾನು. ಸಂಗೀತ ಕಲಿಯುವವನ ಪಕ್ಕದ ಮನೆಯವನಿಗೆ ಸಂಗೀತದ ಬಗ್ಗೆ ಎಷ್ಟು ಅಧಿಕಾರವಿದೆಯೋ ಅಷ್ಟಾದರೂ ನನಗೂ ಇರಬೇಕು.

ಎಂಬತ್ತರ ದಶಕದ ನಡುವೆ, ನಾನು ಗಲ್ಫಿನಲ್ಲಿದ್ದಾಗಿನ ಮಾತು. ಖತೀಫ್‌ನಲ್ಲಿ ನೀರಿನ ಪಂಪುಗಳನ್ನು ಮಾರುವ, ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಯಜಮಾನರು, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್, ಅಬು ಜವಾದ್. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಅರಬಿಯಲ್ಲಿ 'ವ' ಎಂಬುದು ನಮ್ಮ ಹಾಗಿಲ್ಲ. ಅವರ ಬಾಯಲ್ಲಿ ವಾಸುದೇವನಾದ ನಾನು 'ಫಾಸು' ಆಗಿದ್ದೆ. ಊರಿನಲ್ಲಿ ಎರಡು ಸಲ ಬಿ.ಕಾಂ. ಫೇಲಾದವನನ್ನು ದಿನವಿಡೀ ಫಾಸು, ಫಾಸು ಎಂದು ಯಾರಾದರೂ ಕರೆದರೆ ಸಂತೋಷವಾಗದೆ ಇದ್ದೀತೆ? ನನ್ನ ಜೊತೆಗೆ ಪಂಪು ರಿಪೇರಿಗೆ ಉಳ್ಳಾಲದ ಕಡೆಯ ಇಬ್ರಾಹಿಂ ಇದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೇ ಅಡುಗೆ ಮಾಡಿಕೊಂಡಿದ್ದೆವು. ಮೀನು ಅವನು ಮಾಡಬೇಕು, ಪಾತ್ರೆ ನಾನು ತೊಳೆಯಬೇಕು ಎಂಬ ಒಪ್ಪಂದ. ಅವನ ಮೀನಿನ ಸಾರು ಉಂಡವರಿಗೆ ಈ ಒಪ್ಪಂದದಲ್ಲಿ ನನಗೆ ಅನ್ಯಾಯವಾಯಿತು ಎಂದು ಅನಿಸಲಾರದು.

ಅಬು ಜವಾದರಿಗೆ ಊರ ಹೊರಗೆ ಒಂದು ಖರ್ಜೂರದ ತೋಟವಿತ್ತು. ಆ ವರ್ಷ ಬೀದಿನಾಯಿಗಳು ಹಿಂಡುಹಿಂಡಾಗಿ ನುಗ್ಗಿ ಕುರಿಮರಿಗಳನ್ನು ಹರಿದುಹಾಕಿದವು. ಅದಾದ ಮೇಲೆ ಒಂದು ದಿನ ಅವರು ಅಂಗಡಿಗೆ ಒಂದು ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದರು. ನನಗೆ ಬಾಯಲ್ಲಿ ನೀರು ಬಂತು. ಮುಚ್ಚಳ ತೆಗೆದರೆ ಒಳಗೆ ಹತ್ತಿಯ ಮೇಲೆ ಒಂದು ಕಪ್ಪು ಪಿಸ್ತೂಲು ಮಲಗಿತ್ತು.

"ಒಂದು ಕುರಿಯ ಬೆಲೆಗೆ ಸಿಕ್ಕಿತು ಫಾಸು. ನಾಯಿಗಳು ತಿಂದದ್ದಕ್ಕಿಂತ ಕಡಿಮೆಯೇ ಆಯಿತು" ಎಂದರು.

ಯಾರೋ ಪರಿಚಯದವನು ದೂರದ ಗಡಿಯ ಕಡೆಯಿಂದ ತಂದದ್ದಂತೆ. ಕಾಗದಪತ್ರ, ಲೈಸೆನ್ಸು ಎಂದೆಲ್ಲ ಕೇಳುವ ಧೈರ್ಯ ನನಗಿರಲಿಲ್ಲ. ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವವನು ಯಜಮಾನರ ಕಾಗದ ಕೇಳುತ್ತಾನೆಯೇ? ಇಬ್ರಾಹಿಂ ಮಾತ್ರ ಡಬ್ಬಿಯೊಳಗೆ ಇಣುಕಿ, ತುಟಿ ಚೂಪು ಮಾಡಿ, ನನ್ನ ಕಿವಿಯಲ್ಲಿ, "ಇದೆಂತ ವಾಸಣ್ಣ, ಸ್ಕ್ರೂ ಎಲ್ಲ ಸಡಿಲ ಉಂಟು. ಹೊಡೆಯುವಾಗ ನಾಯಿ ಅಲ್ಲೇ ಇರ್ತದೆ, ಪಿಸ್ತೂಲೇ ಓಡ್ತದೆ" ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಮೊದಲ ಸಲ ಹೊಡೆದಾಗ ಗುಂಡು ಖರ್ಜೂರದ ಮರಕ್ಕೆ ಬಿತ್ತು, ಗುಂಡು ತುಂಬಿಡುವ ಬುಟ್ಟಿ ಕಳಚಿ ಅಬು ಜವಾದರ ಪಾದದ ಮೇಲೆ ಬಿತ್ತು. ಎರಡನೆಯ ಸಲ ಅದರ ಮೇಲಿನ ತಗಡು ಹಿಂದಕ್ಕೆ ಸರಿದು ಅವರ ಹೆಬ್ಬೆರಳಿನ ಬುಡವನ್ನು ಕಚ್ಚಿತು. ಬ್ಯಾಂಡೇಜು ಕಟ್ಟಿಕೊಂಡು ಅಂಗಡಿಗೆ ಬಂದವರನ್ನು ಗಿರಾಕಿಗಳು, "ನಾಯಿ ಕಚ್ಚಿತೇ?" ಎಂದು ಕೇಳಿದರೆ, ಅಬು ಜವಾದ್ ಗಂಭೀರವಾಗಿ, "ಹೆಚ್ಚು ಕಡಿಮೆ" ಎನ್ನುತ್ತಿದ್ದರು.

ಸಂಜೆಯ ನಮಾಜಿಗೆ ಮೊದಲು ಅವರ ಇಬ್ಬರು ಗೆಳೆಯರು ಅಂಗಡಿಗೆ ಚಹಾಕ್ಕೆ ಬರುತ್ತಿದ್ದರು. ಅವರ ಬಳಿಯೂ ಇಂಥದ್ದೇ ಸರಕು ಇದ್ದದ್ದು ನಮಗೆ ಆಗ ತಿಳಿಯಿತು. ಒಬ್ಬರು ಟ್ಯಾಕ್ಸಿಗಳ ಮಾಲೀಕರು. ಅವರ ಪಿಸ್ತೂಲು ಒಂದು ಗುಂಡು ಹಾರಿಸಿದರೆ ಮುಂದಿನದ್ದನ್ನು ನುಂಗಿಕೊಂಡು ಕೂರುತ್ತಿತ್ತು. ಚಾಕುವಿನ ತುದಿಯಿಂದ ಕೆದಕಿ ತೆಗೆಯಬೇಕು. "ಕಳ್ಳ ಬಂದರೆ ಸ್ವಲ್ಪ ಕಾಯಪ್ಪಾ ಎನ್ನಬೇಕಾಗುತ್ತದೆ" ಎಂದು ಅವರೇ ನಗುತ್ತಿದ್ದರು. ಇನ್ನೊಬ್ಬರು ನಿವೃತ್ತ ಗುಮಾಸ್ತರು. ಅವರದ್ದು ಎಂದೂ ಸಿಡಿದದ್ದೇ ಇಲ್ಲ. ಅವರ ಹೆಂಡತಿ ಅದನ್ನು ಒಣಗಲು ಹಾಕಿದ ನಿಂಬೆಕಾಯಿಯ ಬಟ್ಟೆ ಹಾರದಂತೆ ಮೇಲೆ ಭಾರಕ್ಕೆ ಇಡುತ್ತಿದ್ದರಂತೆ. ಮೂವರೂ ತಮ್ಮ ತಮ್ಮ ಪಿಸ್ತೂಲಿನ ಕಾಯಿಲೆಗಳನ್ನು ಹೇಳಿಕೊಳ್ಳುವುದನ್ನು ಕೇಳುತ್ತಿದ್ದರೆ, ಮಧುಮೇಹದವರು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡ ಹಾಗೆ ಕಾಣುತ್ತಿತ್ತು. ಆದರೆ ಒಬ್ಬರೂ ಅದನ್ನು ಬಿಸಾಡುವ ಮಾತೆತ್ತಲಿಲ್ಲ. ನಾಚಿಕೆಯಾಗುವಷ್ಟು ಕೆಟ್ಟ ವಸ್ತುವನ್ನೂ ಮನುಷ್ಯ ಬಿಡದಿರುವುದಕ್ಕೆ ಒಂದು ಕಾರಣವಿರಬೇಕು. ಅದು ಕೈಕೊಡುತ್ತದೆ ಎಂದು ಗೊತ್ತು. ಆದರೆ ನಮಗೆ ಬೇಕಾದ ದಿನ ಮಾತ್ರ ಕೈಕೊಡಲಾರದು ಎಂಬ ಆಸೆ.

ಅರಬಿಯಲ್ಲಿ ಪಿಸ್ತೂಲಿಗೆ ಮುಸದ್ದಸ್ ಎನ್ನುತ್ತಾರೆ. ಆರರದ್ದು ಎಂದು ಅರ್ಥ. ಹಿಂದೆ ಆರು ಗುಂಡು ಹಿಡಿಯುವ ತಿರುಗುಮಣೆಯ ಪಿಸ್ತೂಲು ಇದ್ದಾಗ ಬಂದ ಹೆಸರು. ಈಗ ಎಂಟು ಹಿಡಿದರೂ ಆರರದ್ದೇ. ಅಬು ಜವಾದರದ್ದು ಅರೆ ಸ್ವಯಂಚಾಲಿತ. ಒಂದು ಗುಂಡು ಸಿಡಿದ ಧಕ್ಕೆಗೆ ಮುಂದಿನ ಗುಂಡು ತಾನಾಗಿ ಬಂದು ಅದರ ಜಾಗದಲ್ಲಿ ಕೂರುತ್ತದೆ ಎಂದು ಇಬ್ರಾಹಿಂ ನನಗೆ ಟೊಮೆಟೊ ಇಟ್ಟು ವಿವರಿಸಿದ್ದ. ಇದು ನಮ್ಮ ಕಡೆಯವರು ಗಲ್ಫಿಗೆ ಬಂದ ರೀತಿಯೇ ಆಯಿತಲ್ಲ ಎಂದು ನನಗೆ ಅನಿಸಿತು. ಅಣ್ಣ ಹಾರಿದ ಧಕ್ಕೆಗೆ ತಮ್ಮ ಬಂದು ಅದೇ ಜಾಗದಲ್ಲಿ ಕೂರುತ್ತಾನೆ. ಯಾರ ಬೆರಳು ಟ್ರಿಗರಿನ ಮೇಲಿದೆ ಎಂದು ಗುಂಡಿಗೆ ಗೊತ್ತಿರುವುದಿಲ್ಲ.

ತಮಾಷೆ ಇಲ್ಲಿಗೆ ಮುಗಿಯಿತು ಎಂದು ಮೊದಲೇ ಹೇಳಿಬಿಡುತ್ತೇನೆ.

ತೋಟದಲ್ಲಿ ಒಂದು ಬಿಳಿಯ ಕತ್ತೆಯಿತ್ತು. ಆ ಸೀಮೆಯ ಕತ್ತೆಗಳು ನಮ್ಮ ಅಗಸರ ಕತ್ತೆಗಳ ಹಾಗಲ್ಲ; ಎತ್ತರ, ಹಾಲಿನ ಬಣ್ಣ, ನಡಿಗೆಯಲ್ಲಿ ಒಂದು ಠೀವಿ. ಹೆಸರು ಸಬಾಹ್, ಅಂದರೆ ಬೆಳಗು. ಪಿಕಪ್ ಗಾಡಿ ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಆದರೆ ಅಬು ಜವಾದರ ಮಕ್ಕಳೆಲ್ಲ ಅದರ ಬೆನ್ನ ಮೇಲೆ ಬೆಳೆದವರು. ಶುಕ್ರವಾರ ನಾವು ತೋಟಕ್ಕೆ ಹೋದರೆ ಅವರು ಮೊದಲು ಅದಕ್ಕೆ ಖರ್ಜೂರ ತಿನ್ನಿಸಿ ಆಮೇಲೆ ನಮ್ಮ ಕಡೆ ತಟ್ಟೆ ತಳ್ಳುತ್ತಿದ್ದರು.

ಒಂದು ಶುಕ್ರವಾರ ನಾವು ಹೋದಾಗ ಸಬಾಹ್ ಸಿಮೆಂಟಿನ ಕಾಲುವೆಯಲ್ಲಿ ಬಿದ್ದಿತ್ತು. ಮುಂಗಾಲಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ನಾಯಿಗಳು ಅಟ್ಟಿಸಿಕೊಂಡು ಬಂದಿರಬೇಕು. ಅದು ಕೂಗುತ್ತಿರಲಿಲ್ಲ. ಮೂಗಿನ ಹೊಳ್ಳೆ ಅರಳಿಸಿಕೊಂಡು ಉಸಿರು ಬಿಡುತ್ತಿತ್ತು, ಅಷ್ಟೆ. ಅಬು ಜವಾದ್ ಕಾಲುವೆಗೆ ಇಳಿದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತರು. ರಜೆಯ ದಿನ, ದನದ ಡಾಕ್ಟರು ಸಿಗುವ ಹಾಗಿರಲಿಲ್ಲ. ಕೊನೆಗೆ ಎದ್ದು ಮಿಠಾಯಿ ಡಬ್ಬಿ ತರಿಸಿದರು.

ಅವರು ಕತ್ತೆಯ ಹಣೆಗೆ ಗುರಿ ಹಿಡಿದು ಕಣ್ಣು ಮುಚ್ಚಿದರು. ಟಕ್ ಎಂದಿತು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಈ ಸಲ ಟಕ್ ಎಂದೂ ಅನ್ನಲಿಲ್ಲ. ಕತ್ತೆ ಅವರನ್ನೇ ನೋಡುತ್ತಿತ್ತು. ಅವರು ತೋಳಿನಿಂದ ಕಣ್ಣೊರೆಸಿಕೊಂಡರು. "ಇದನ್ನು ಸರಿಮಾಡು ಇಬ್ರಾಹಿಂ, ಅಲ್ಲಾಹನ ದಯೆಗಾಗಿ ಬೇಗ ಸರಿಮಾಡು" ಎಂದು ಪಿಸ್ತೂಲನ್ನು ಅವನ ಕೈಗೆ ಕೊಟ್ಟರು.

ಇಬ್ರಾಹಿಂ ಪಂಪು ಬಲ್ಲವನೇ ಹೊರತು ಪಿಸ್ತೂಲು ಬಲ್ಲವನಲ್ಲ. ಆದರೆ ಯಜಮಾನರು ಅಳುತ್ತಿರುವಾಗ ನನಗೆ ಗೊತ್ತಿಲ್ಲ ಎನ್ನುವುದು ಹೇಗೆ? ಗುಂಡಿನ ಬುಟ್ಟಿಯನ್ನು ಹೊರಗೆಳೆದ. ಬುಟ್ಟಿ ತೆಗೆದ ಮೇಲೆ ಒಳಗೆ ಏನಿರಲು ಸಾಧ್ಯ ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ; ಸಿಡಿಯದ ಗುಂಡು ನಳಿಗೆಯಲ್ಲೇ ಕೂತಿದ್ದದ್ದು ಇಬ್ಬರಿಗೂ ಹೊಳೆಯಲಿಲ್ಲ. ಎಡಗೈಯಿಂದ ಮುಂದಿನ ತುದಿ ಹಿಡಿದು ಮೇಲಿನ ತಗಡನ್ನು ಎಳೆಯಲು ನೋಡಿದ. ತಗಡು ಜಾರಿ ಮುಂದಕ್ಕೆ ಬಡಿಯಿತು. ಈಗಷ್ಟೇ ಎರಡು ಸಲ ಒತ್ತಿದರೂ ಬಾಯಿ ಬಿಡದಿದ್ದ ಆ ವಸ್ತು ಯಾರೂ ಒತ್ತದೆಯೇ ಸಿಡಿಯಿತು.

ಕಾಗೆಗಳೆಲ್ಲ ಎದ್ದವು. ಇಬ್ರಾಹಿಂ ತನ್ನ ಎಡಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ, "ವಾಸಣ್ಣ, ಇದೆಂತಾಯ್ತು ನೋಡಿ" ಎಂದ. ಕಿರುಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಅಬು ಜವಾದ್ ತಮ್ಮ ತಲೆವಸ್ತ್ರ ಬಿಚ್ಚಿ ಅವನ ಕೈಗೆ ಸುತ್ತಿದರು. "ಫಾಸು, ಅದನ್ನು ಎತ್ತಿ ಡಬ್ಬಿಗೆ ಹಾಕು" ಎಂದರು. ನಾನು ಪಿಸ್ತೂಲು ಮುಟ್ಟಿದ್ದು ಆಗ.

ಗುಂಡಿನ ಗಾಯವೆಂದರೆ ಆಸ್ಪತ್ರೆಗೆ ಪೊಲೀಸರು ಬರುತ್ತಾರೆ. ಅವರಿಗಿಂತ ಮೊದಲು ಅಬು ಜವಾದರ ಭಾವಮೈದ ಬಂದರು. ಇಬ್ರಾಹಿಂನನ್ನು ಒಳಗೆ ಕರೆದುಕೊಂಡು ಹೋಗಿದ್ದರು. ವರಾಂಡದಲ್ಲಿ ನಾನು ನಿಂತಿದ್ದೇನೆ ಎಂಬುದನ್ನು ಲೆಕ್ಕಿಸದೆ ಅವರು ಭಾವನಿಗೆ ಬುದ್ಧಿ ಹೇಳಿದರು.

"ಪಿಸ್ತೂಲು ಎಲ್ಲಿಂದ ಬಂತೋ ಗೊತ್ತಿಲ್ಲ, ಆ ಇಂಡಿಯಾದವನ ಕೈಯಲ್ಲಿತ್ತು ಎಂದು ಹೇಳು. ಅವನನ್ನು ಊರಿಗೆ ಕಳಿಸಿಬಿಡುತ್ತಾರೆ, ಅಷ್ಟೇ ತಾನೆ? ನಿನಗೆ ಹೆಣ್ಣುಮಕ್ಕಳಿದ್ದಾರೆ. ಹೆಸರು ಕೆಟ್ಟರೆ?"

ಊರಿಗೆ ಕಳಿಸುವ ಮೊದಲು ಎಷ್ಟು ಕಾಲ ಜೈಲಿನಲ್ಲಿ ಇಡುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ. ಪರದೇಶಿಯ ಕೈಯಲ್ಲಿ ಲೈಸೆನ್ಸಿಲ್ಲದ ಪಿಸ್ತೂಲು ಎಂದರೆ ಏನೆಂದು ನಮ್ಮ ಕೋಣೆಯ ಜಿರಳೆಗೂ ಗೊತ್ತಿತ್ತು. ಕತ್ತೆಯ ರೋಮ ಅಂಟಿದ ಅಂಗಿಯಲ್ಲಿ ಬೆಂಚಿನ ಮೇಲೆ ಕೂತಿದ್ದ ಅಬು ಜವಾದ್ ತಲೆಯೆತ್ತಲಿಲ್ಲ. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರೂ ಯೋಚಿಸಿದರು. ಯೋಚಿಸಲಿಲ್ಲ ಎಂದು ಬರೆದರೆ ಅವರನ್ನು ದೊಡ್ಡವರನ್ನಾಗಿ ಮಾಡಿದಂತಾಗುತ್ತದೆ, ಆದರೆ ನಿಜವಾಗುವುದಿಲ್ಲ.

ಪೊಲೀಸಿನವನು ಬಂದು, "ಆಯುಧ ಯಾರದ್ದು?" ಎಂದು ಕೇಳಿದಾಗ ಅವರು ಎದ್ದು ನಿಂತರು.

"ನನ್ನದು. ಅವನು ತಾನಾಗಿ ಮುಟ್ಟಿದವನೇ ಅಲ್ಲ. ಅವನ ಕೈಗೆ ಕೊಟ್ಟದ್ದು ನಾನು."

ಭಾವಮೈದ ಗೋಡೆಯ ಕಡೆ ತಿರುಗಿದರು. ಪೊಲೀಸರು ನನ್ನನ್ನೂ ಕೇಳಿದರು, ಕಂಡದ್ದನ್ನು ಹೇಳಿದೆ. ಇಬ್ರಾಹಿಂನನ್ನು ಬಿಟ್ಟರು, ಅಬು ಜವಾದರನ್ನು ಕರೆದುಕೊಂಡು ಹೋದರು. ಜೀಪು ಹತ್ತುವ ಮೊದಲು ಅವರು ನನ್ನ ಕಡೆ ನೋಡಿ, "ಸಬಾಹ್ ಹತ್ತಿರ ಯಾರಾದರೂ ಇದ್ದಾರೆಯೇ ಫಾಸು?" ಎಂದರು. ಯಾರೂ ಇರಲಿಲ್ಲ. ನಾನು ಟ್ಯಾಕ್ಸಿ ಹಿಡಿದು ತೋಟಕ್ಕೆ ಹೋಗಿ, ಕಾಲುವೆಯ ಅಂಚಿನಲ್ಲಿ ಕೂತು, ನಾಯಿಗಳು ಬಂದರೆ ಕಲ್ಲು ಬೀಸಿದೆ. ನೀರು ಕೊಟ್ಟರೆ ಕುಡಿಯಲಿಲ್ಲ. ಮರುದಿನ ಡಾಕ್ಟರು ಬಂದು ಒಂದು ಸೂಜಿ ಚುಚ್ಚಿದರು. ಎಷ್ಟು ಬೇಗ ಮುಗಿಯಿತೆಂದರೆ ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಬು ಜವಾದ್ ಕೆಲವು ವಾರಗಳ ನಂತರ ಹೊರಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸಂಜೆಯ ಚಹಾಕ್ಕೆ ಗೆಳೆಯರಿಬ್ಬರೂ ಮತ್ತೆ ಬಂದರು. ಪಿಸ್ತೂಲಿನ ಮಾತು ಯಾರೂ ಎತ್ತಲಿಲ್ಲ. ಇಬ್ರಾಹಿಂಗೆ ಅವರು ಕೌಂಟರಿನಲ್ಲಿ ಕೂರುವ ಕೆಲಸ ಕೊಟ್ಟರು. ಅವನು ಪಂಪು ಬಿಚ್ಚುವವರನ್ನು ದೂರದಿಂದ ನೋಡುತ್ತ ಒಂದು ವರ್ಷ ಕೂತ. ಆಮೇಲೆ ಊರಿಗೆ ಹೋಗುತ್ತೇನೆ ಎಂದ. ವಿಮಾನ ನಿಲ್ದಾಣಕ್ಕೆ ಬಿಡಲು ಯಜಮಾನರೇ ಬಂದರು. ಅವನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಂದಿರುಗುವಾಗ ಕಾರಿನಲ್ಲಿ ಅವರು ರೇಡಿಯೋ ಕೂಡ ಹಾಕಲಿಲ್ಲ.

ಮುಂದಿನ ರಜೆಯಲ್ಲಿ ನಾನು ಅವನ ಮನೆ ಹುಡುಕಿಕೊಂಡು ಹೋದೆ. ಅವನ ತಾಯಿ ಬಾವಿಯಿಂದ ನೀರು ಸೇದುತ್ತಿದ್ದರು. ಬಾವಿಯ ಪಕ್ಕದಲ್ಲಿ ಪಂಪು ಕೂರಿಸುವ ಸಿಮೆಂಟಿನ ಕಟ್ಟೆಯಿತ್ತು, ಪಂಪು ಇರಲಿಲ್ಲ. ಇಬ್ರಾಹಿಂ ಕಳಿಸಿದ ಹಣದಲ್ಲಿ ಹಾಕಿಸಿದ್ದನ್ನು ಅವರು ಕಿತ್ತು ಗುಜರಿಗೆ ಕೊಟ್ಟಿದ್ದರು.

"ನನ್ನ ಮಗನ ಬೆರಳು ತಿಂದದ್ದು ಇಲ್ಲಿ ಬೇಡ. ನಮಗೆ ಹಗ್ಗವೇ ಸಾಕು" ಎಂದರು. ನಾನು ಇಬ್ರಾಹಿಂ ಮುಖ ನೋಡಿದೆ. ಅವನು ನೆಲ ನೋಡಿದ.

ತಾಯಿ ಒಳಗೆ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ: "ನಿಜ ಹೇಳುವಾ ಅಂತ ಉಂಟು ವಾಸಣ್ಣ. ಆದ್ರೆ ಪಿಸ್ತೂಲು ಅಂದ್ರೆ ಉಮ್ಮ ನಾನು ಯಾರನ್ನೋ ಕೊಲ್ಲಲಿಕ್ಕೆ ಹೋಗಿದ್ದೆ ಅಂತ ಹೆದರ್ತಾರೆ. ಕತ್ತೆ ಅಂದ್ರೆ ಊರವರು ನಗ್ತಾರೆ. ಪಂಪು ಅಂದ್ರೆ ಮರ್ಯಾದೆ ಉಂಟಲ್ಲ ಮಾರಾಯ್ರೆ."

ಹೊರಡುವ ಹೊತ್ತಿಗೆ ಆ ತಾಯಿ ನನ್ನ ತಲೆ ಮುಟ್ಟಿ, "ಮಗಾ, ನೀನಾದ್ರೂ ಅಲ್ಲಿ ಆ ಪಂಪಿನ ಹತ್ರ ಹೋಗ್ಬೇಡ. ಬರೆಯುವ ಕೆಲಸ ಮಾತ್ರ ಮಾಡು. ಹೋಗುದಿಲ್ಲ ಅಂತ ಹೇಳು" ಎಂದರು.

ಹೋಗುವುದಿಲ್ಲ ಎಂದೆ. ಪಂಪಿಗೆ ಕೈಹಾಕಿ ಗೊತ್ತೇ ಇಲ್ಲದ ನನಗೆ ಉಳಿಸಿಕೊಳ್ಳಲು ಅದಕ್ಕಿಂತ ಸುಲಭವಾದ ಮಾತು ಇನ್ನೊಂದಿರಲಿಲ್ಲ. ಆದರೂ ಅದನ್ನು ಕೊಡುವಾಗ ಈ ಸಲ ನೆಲ ನೋಡಿದವನು ನಾನು.